ಪಾಪಮ್ಮ ಬಿಲ್ಡಿಂಗ್, ಎರಡು ಪಾಯಿಂಟ್ ಎರಡು ಸ್ಟಾರ್

ಜೂನ್ 10, ಮಂಗಳವಾರ. ಬರಿಹೊಟ್ಟೆ ಶುಗರ್ 186

ಡಾಕ್ಟರ್ ನಿಖಿತಾ ಈ ಪುಸ್ತಕ ಕೊಟ್ಟು, "ದಿನಾ ಬೆಳಿಗ್ಗೆ ಶುಗರ್ ಎಷ್ಟು, ಏನೇನು ತಿಂದ್ರಿ, ಎಲ್ಲ ಬರೀರಿ ಪಾಪಮ್ಮನೋರೇ. ಸುಳ್ಳು ಬರೀಬೇಡಿ" ಎಂದರು. ರಕ್ತ ತೆಗೆದದ್ದು ನನಗೆ ಗೊತ್ತೇ ಆಗಲಿಲ್ಲ. "ಪರವಾಗಿಲ್ವೇ, ಈ ವಯಸ್ಸಿಗೇ ಕಲ್ತಿದ್ದೀರ" ಎಂದು ಹೊಗಳಿದೆ. ಮುಖ ಒಂದು ಥರ ಮಾಡಿದರು. ಈಗಿನವರಿಗೆ ಹೊಗಳಿಕೆಯೂ ಜೀರ್ಣವಾಗುವುದಿಲ್ಲ.

ನಿನ್ನೆ ತಿಂದದ್ದು: ಎರಡು ಮುದ್ದೆ, ಹುರುಳಿಕಾಳಿನ ಸಾರು, ಮೈಸೂರುಪಾಕು ಅರ್ಧ. ಸುಳ್ಳು ಬರೆಯಬಾರದಂತೆ. ಒಂದೂವರೆ.

ಊಟದ ವಿಷಯ ಇಷ್ಟಕ್ಕೇ ಮುಗಿಯಿತು, ಪುಟ ಇನ್ನೂ ಖಾಲಿ ಇದೆ. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ಮಾಡಿದವಳು ನಾನು. ಬೆಂಗಳೂರಿನ ಅಂಚಿನ ನಮ್ಮ ಉಲ್ಲಾಳದಲ್ಲಿ ಆಗ ಹೆಣ್ಣುಮಕ್ಕಳಲ್ಲಿ ನಾನೊಬ್ಬಳೇ. ನಲವತ್ತು ವರ್ಷದಿಂದ ಮುದ್ದಾದ ಅಕ್ಷರ ಇಟ್ಟುಕೊಂಡು ರೇಷನ್ ಕಾರ್ಡಿನ ಅರ್ಜಿ ಬಿಟ್ಟರೆ ಬೇರೇನೂ ಬರೆದಿಲ್ಲ. ಖಾಲಿ ಜಾಗ ಬಿಡುವ ಜಾಯಮಾನವೂ ನಮ್ಮದಲ್ಲ. ಬಿಟ್ಟಿದ್ದರೆ ಹೊಲ ಇದ್ದಲ್ಲಿ ಹನ್ನೆರಡು ಬಾಡಿಗೆ ರೂಮಿನ ಬಿಲ್ಡಿಂಗ್ ಏಳುತ್ತಿರಲಿಲ್ಲ.

ಇವತ್ತು ಬೀಗಿತ್ತಿ ಜಲಜಾ ಫೋನ್ ಮಾಡಿದ್ದಳು. ಸೊಸೆ ಮಾಲಾ ಸೀಮಂತ ಮುಗಿಸಿಕೊಂಡು ಕಳೆದ ಅಕ್ಟೋಬರಿನಲ್ಲಿ ಬಸವೇಶ್ವರನಗರದ ತವರಿಗೆ ಹೋದವಳು ಇನ್ನೂ ಬಂದಿಲ್ಲ. ಡಿಸೆಂಬರಿನಲ್ಲಿ ಗಂಡುಮಗು ಆಯಿತು. ಐದು ತಿಂಗಳ ಬಾಣಂತನ ಮೇ ತಿಂಗಳಿಗೆ ಮುಗಿಯಿತು. ಮೇನಲ್ಲಿ ಸೆಕೆ ಎಂದರು. ಆಮೇಲೆ ಮಗುವಿಗೆ ನೆಗಡಿ ಎಂದರು. ಇವತ್ತು ಹೊಸದು: "ಇನ್ನೇನು ಆಷಾಢ ಬಂತಲ್ಲ ಪಾಪಮ್ಮ. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಶ್ರಾವಣಕ್ಕೆ ನೋಡೋಣ."

ಆಷಾಢಕ್ಕೆ ಇನ್ನೂ ಹದಿನಾರು ದಿನ ಇದೆ. ಅದಲ್ಲದೆ ಆ ಶಾಸ್ತ್ರ ಹೊಸದಾಗಿ ಮದುವೆಯಾದವರಿಗೆ. ಇವರ ಮದುವೆಯಾಗಿ ಮೂರು ವರ್ಷ. ಮಗ ಭೈರೇಶನನ್ನು ಕೇಳಿದೆ, ಏನೋ ಇದು ಎಂದು. ಅವನು ನನ್ನ ಮುಖ ನೋಡದೆ ಬಗ್ಗಿ ಶೂ ಲೇಸು ಕಟ್ಟುತ್ತಿದ್ದ. ಅವನ ಶೂಗೆ ಲೇಸೇ ಇಲ್ಲ.

ಜೂನ್ 13, ಶುಕ್ರವಾರ. 191

ಬೆಳಿಗ್ಗೆ ಹತ್ತಕ್ಕೆ ಗಂಡಹೆಂಡತಿ ಎರಡು ಸೂಟ್‌ಕೇಸ್ ಹಿಡಿದು ಗೇಟಿನೊಳಗೆ ಬಂದು, "ಡಬಲ್ ರೂಮ್ ಇದ್ಯಾ ಮೇಡಂ? ಬಿಸಿನೀರು ಎಷ್ಟೊತ್ತಿಗೆ ಬಿಡ್ತೀರ?" ಎಂದು ಕೇಳಿದರು. ಮಗಳನ್ನು ಜ್ಞಾನಭಾರತಿ ಯೂನಿವರ್ಸಿಟಿಗೆ ಸೇರಿಸಲು ಹಾಸನದಿಂದ ಬಂದವರಂತೆ. ರಾಗಿ ಕೇರುತ್ತಿದ್ದವಳು ಮೊರ ಹಿಡಿದೇ ಎದ್ದೆ. ಆ ಮನುಷ್ಯ ನನ್ನನ್ನು ನೋಡಿದ, ಫೋನ್ ನೋಡಿದ, ಹೆಂಡತಿಯ ಕಿವಿಯಲ್ಲಿ "ಇವರೇ ಇರ್ಬೇಕು" ಎಂದ. ಇಬ್ಬರೂ ಸೂಟ್‌ಕೇಸ್ ಎಳೆದುಕೊಂಡು ಹಿಂದೆ ತಿರುಗಿ ನೋಡದೆ ಹೋದರು.

ಮೂರನೇ ರೂಮಿನ ಚೇತನಾಳನ್ನು ಕರೆದೆ. ಇಂಗ್ಲಿಷ್ ಎಂಎ ಓದುವ ಹುಡುಗಿ. ಫೋನ್ ತೆಗೆದು ತೋರಿಸಿದಳು. ಮ್ಯಾಪಿನಲ್ಲಿ ನಮ್ಮ ಮನೆ ಇದೆ: ಪಾಪಮ್ಮ ಬಿಲ್ಡಿಂಗ್. ಯಾವನೋ ಬಾಡಿಗೆದಾರ ಪಾರ್ಸೆಲ್ ತರಿಸಲು ಗುರುತು ಹಾಕುವಾಗ 'ಎಂಥ ಜಾಗ' ಎಂದು ಕೇಳಿದ್ದಕ್ಕೆ ಲಾಡ್ಜ್ ಎಂದು ಒತ್ತಿದ್ದಾನೆ. ಅದರ ಕೆಳಗೆ ಸ್ಟಾರು. ಐದಕ್ಕೆ ಎರಡು ಪಾಯಿಂಟ್ ಎರಡು. ಆರು ಜನ ಬರೆದಿದ್ದಾರೆ.

"ಓದು" ಎಂದೆ.

"ಬೇಡ ಬಿಡಿ ಆಂಟಿ."

"ಓದೇ."

ಒಂದು ಸ್ಟಾರ್: 'ಸ್ನಾನದ ಮಧ್ಯೆ ಟ್ಯಾಂಕ್ ಖಾಲಿ. ಮೈಯೆಲ್ಲ ಸೋಪು. ಎರಡು ಗಂಟೆ ಓನರ್ ಮೋಟರ್ ಹಾಕಲಿಲ್ಲ. ಕಾರಣವನ್ನೂ ಹೇಳಲಿಲ್ಲ.' ಇನ್ನೊಂದು ಸ್ಟಾರ್: 'ಒಂಬತ್ತಕ್ಕೆ ಗೇಟಿಗೆ ಬೀಗ. ಜೈಲಿನಲ್ಲೂ ಇಷ್ಟು ಬೇಗ ಹಾಕಲ್ಲ.' ಮತ್ತೊಂದು ಸ್ಟಾರಿನವನು ಏನೂ ಬರೆಯದೆ ಒಂದು ಕೆಂಪು ಮುಖ ಹಾಕಿದ್ದಾನೆ. ಎರಡು ಸ್ಟಾರ್: 'ಎಷ್ಟು ಜನ ಇದ್ದೀವಿ ಎಂದು ತಿಳಿಯಲು ಬಾಗಿಲಲ್ಲಿ ಚಪ್ಪಲಿ ಎಣಿಸುತ್ತಾರೆ.' ಮೂರು ಸ್ಟಾರ್: 'ಹಾವು ಬಂದಾಗ ಓನರ್ ಹೆದರಲಿಲ್ಲ. ಹಾವು ಹೆದರಿತು.'

ಇದರಲ್ಲಿ ಸುಳ್ಳು ಒಂದೂ ಇಲ್ಲ. ಅದಕ್ಕೇ ಕೋಪ ಬಂತು.

ಕೊನೆಯದು ಐದಕ್ಕೆ ಐದು. ಬರೆದವರ ಹೆಸರು ಗುಬ್ಬಿ, ಒಂದು ಗುಬ್ಬಚ್ಚಿಯ ಚಿತ್ರ. ಒಂದೇ ಸಾಲು: 'ಓನರ್ ಆಂಟಿ ಈಸ್ ಸರ್ಪ್ರೈಸಿಂಗ್ಲಿ ಕೈಂಡ್.'

"ಕೈಂಡ್ ಅಂದ್ರೆ ದಯೆ ಇರೋರು ಅಂತ ಆಂಟಿ" ಎಂದಳು ಚೇತನಾ. ಅದು ನನಗೂ ಗೊತ್ತು. ಅದರ ಹಿಂದೆ ಬಾಲದಂತೆ ಇನ್ನೊಂದು ಇದೆಯಲ್ಲ, ಅದು ಏನು ಎಂದು ಕೇಳಿದೆ. ಕ್ಲಾಸಿಗೆ ಹೊತ್ತಾಯಿತು ಎಂದು ಓಡಿದಳು.

ಜೂನ್ 14, ಶನಿವಾರ. 188

ಚೇತನಾ ಮೆಟ್ಟಿಲಿಳಿಯುವುದನ್ನೇ ಕಾದು ಹಿಡಿದು ಒಳಗೆ ಕರೆದೆ. ಕಾಫಿ ಮಾಡಿಕೊಟ್ಟಳು. "ಪರವಾಗಿಲ್ವೇ, ಹಾಸ್ಟೆಲಲ್ಲಿ ಬೆಳೆದೋರಿಗೂ ಕಾಫಿ ಮಾಡೋಕೆ ಬರುತ್ತೆ" ಎಂದೆ. ಸಕ್ಕರೆ ಹಾಕಿದ್ದಳು. ಬರೆದಿದ್ದೇನೆ, ಡಾಕ್ಟ್ರೇ.

ಆಮೇಲೆ ಪಾಠ ಶುರುವಾಯಿತು.

"ನೋಡಿ ಆಂಟಿ. 'ಬಸ್ಸು ಟೈಮಿಗೆ ಬಂತು' ಅಂದ್ರೆ ಅವತ್ತಿನ ಸುದ್ದಿ. 'ಸರ್ಪ್ರೈಸಿಂಗ್ಲಿ, ಬಸ್ಸು ಟೈಮಿಗೆ ಬಂತು' ಅಂದ್ರೆ ಆ ಬಸ್ಸಿನ ಇಡೀ ಜೀವನಚರಿತ್ರೆ."

"ಅಂದ್ರೆ?"

"ಅಂದ್ರೆ, ಬರಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಬಂದ್ಬಿಡ್ತು. ಅದಕ್ಕೆ ಆಶ್ಚರ್ಯ."

ವಾಕ್ಯದ ತಲೆಯ ಮೇಲೆ ಇಟ್ಟರೆ ನಡೆದದ್ದೆಲ್ಲ ಆಶ್ಚರ್ಯವಂತೆ. ಒಂದು ಗುಣದ ಪಕ್ಕ ಇಟ್ಟರೆ ಆ ಗುಣ ಇವರಲ್ಲಿ ಇದೆಯಲ್ಲ ಎಂಬುದೇ ಆಶ್ಚರ್ಯವಂತೆ. ನನ್ನದು ಎರಡನೇ ಥರದ್ದು.

"ಹಂಗಾದ್ರೆ ಇವಳು ನನ್ನ ಹೊಗಳಿದ್ದೋ ಬೈದಿದ್ದೋ?"

ಚೇತನಾ ಲೋಟ ತಿರುಗಿಸುತ್ತಾ ಕೂತಳು. "ಎರಡೂ, ಆಂಟಿ" ಎಂದಳು. ಎಂಎ ಓದುವವರು ಸುಳ್ಳು ಹೇಳುವುದು ಕಲಿಯುವುದಿಲ್ಲ.

ನಾನು ದಯೆ ತೋರಿಸಿದರೆ ಬಸ್ಸು ಟೈಮಿಗೆ ಬಂದಂತೆ. ಒಂದು ಸ್ಟಾರಿನವರ ಮೇಲೆ ಇಲ್ಲದ ಸಿಟ್ಟು ಈ ಐದು ಸ್ಟಾರಿನವಳ ಮೇಲೆ ಬಂತು. ಜೊತೆಗೆ ಇನ್ನೊಂದು ಹುಳ ತಲೆಗೆ ಹೊಕ್ಕಿತು. ನಾನು ಯಾರಿಗೆ, ಯಾವಾಗ, ಏನು ದಯೆ ತೋರಿಸಿದೆ? ಸಂಜೆಯವರೆಗೆ ಯೋಚಿಸಿದೆ. ಒಂದೂ ನೆನಪಾಗಲಿಲ್ಲ.

ಜೂನ್ 17, ಮಂಗಳವಾರ. 204

ನಿನ್ನೆ ಊಟ ಸೇರಲಿಲ್ಲ. ಆದರೂ 204. ಡಾಕ್ಟರನ್ನೇ ಕೇಳಬೇಕು.

ಸರ್ಪ್ರೈಸಿಂಗ್ಲಿ, ಭೈರೇಶ್ ಇವತ್ತು ಬಾಯಿ ಬಿಟ್ಟ. ಕೆಂಗೇರಿಯ ಟೈಲ್ಸ್ ಅಂಗಡಿಗೆ ಹೊರಟವನು ಬಾಗಿಲಲ್ಲಿ ನಿಂತು, "ಅಮ್ಮ, ಮಾಲಾ ಒಂದು ಮನೆ ನೋಡಿದಾಳೆ. ರಾಜರಾಜೇಶ್ವರಿನಗರದಲ್ಲಿ. ಶ್ರಾವಣದಲ್ಲಿ ಹಾಲು ಉಕ್ಕಿಸೋಣ ಅಂತಾಳೆ" ಎಂದ.

"ಈ ಮನೆಗೇನಾಗಿದೆ?"

"ಮನೆಗೇನೂ ಆಗಿಲ್ಲ."

ಅಷ್ಟೇ ಹೇಳಿ ಹೋದ. ಮನೆಗೆ ಏನೂ ಆಗಿಲ್ಲವೆಂದರೆ ಆಗಿರುವುದು ಯಾರಿಗೆಂದು ತಿಳಿಯಲು ಎಂಎ ಬೇಕಿಲ್ಲ.

ಆಷಾಢವೂ ಇಲ್ಲ, ನೆಗಡಿಯೂ ಇಲ್ಲ. ಅವಳಿಗೆ ನಾನಿರುವ ಮನೆ ಬೇಡ. ಮೊಮ್ಮಗನನ್ನು ಎತ್ತಿಕೊಳ್ಳಲು ಇನ್ನು ಮುಂದೆ ನಾನು ಬಸ್ಸು ಹತ್ತಿಕೊಂಡು ಹೋಗಬೇಕು.

ಮಧ್ಯಾಹ್ನ ಒಂದು ಉಪಾಯ ಹೊಳೆಯಿತು. ಆ ಗುಬ್ಬಿಯನ್ನು ಹುಡುಕುವುದು, ಮಾಲಾಳ ಮುಂದೆ ನಿಲ್ಲಿಸುವುದು. ಪಾಪಮ್ಮ ಒಳ್ಳೆಯವಳು ಎಂದು ಹೇಳಲು ಈ ಭೂಮಿಯ ಮೇಲೆ ಒಬ್ಬಳು ಸಾಕ್ಷಿ ಇದ್ದಾಳೆ. ಆ ಬಾಲದ ಮಾತು ಬಿಟ್ಟು ಉಳಿದದ್ದನ್ನು ಹೇಳು ಎಂದರಾಯಿತು.

ಜೂನ್ 19, ಗುರುವಾರ. 179

ಗುಬ್ಬಿ ಎಂದರೆ ಹೆಣ್ಣೇ ಎಂದುಕೊಂಡಿದ್ದೆ, ಗಂಡಸೂ ಇರಬಹುದಲ್ಲ. ಗುಬ್ಬಿ ತಾಲ್ಲೂಕಿನವನೊಬ್ಬ ನಮ್ಮಲ್ಲಿದ್ದ. ಒಂಬತ್ತನೇ ರೂಮಿನ ನಾಗಭೂಷಣ್, ಖಾಲಿ ಮಾಡಿ ಒಂದು ವರ್ಷವಾಯಿತು. ಊರಿನ ಹೆಸರೇ ಇಟ್ಟುಕೊಂಡಿರಬೇಕು ಎಂದು ಫೋನ್ ಮಾಡಿದೆ. ನನ್ನ ದನಿ ಕೇಳಿ, "ಆಂಟಿ, ನಾನು ಕೀ ಕೊಟ್ಟೇ ಹೋಗಿದ್ದೆ" ಎಂದ.

"ಅದಲ್ಲಪ್ಪ. ಮ್ಯಾಪಲ್ಲಿ ನನ್ನ ಬಗ್ಗೆ ಒಳ್ಳೇದು ಬರೆದಿದ್ದು ನೀನೇನಾ?"

"ಇಲ್ಲ ಆಂಟಿ. ನಾನು ಜೈಲು ಬರೆದೋನು" ಎಂದ.

ಹಾಳಾಗಲಿ, ಹುಡುಗ ಪ್ರಾಮಾಣಿಕ. ಊಟ ಮಾಡಿದೆಯಾ ಎಂದು ಕೇಳಿ ಇಟ್ಟೆ.

ಹಳೆಯ ಬಾಡಿಗೆದಾರರಲ್ಲಿ ಇನ್ನೂ ಏಳು ಜನಕ್ಕೆ ಮಾಡಿದೆ. ಮೂವರು ಎತ್ತಲಿಲ್ಲ. ಇಬ್ಬರು ನಾನಲ್ಲ ಎಂದರು. ಉಳಿದಿಬ್ಬರು ರಾಂಗ್ ನಂಬರ್ ಎಂದರು; ಅವರ ದನಿ ನನಗೆ ಗುರುತು ಸಿಕ್ಕಿತು.

ಜೂನ್ 21, ಶನಿವಾರ. 183

ತೀರ್ಮಾನ ಮಾಡಿದ್ದೇನೆ. ಗುಬ್ಬಿ ಸಿಗುವವರೆಗೆ ಕೈಕಟ್ಟಿ ಕೂರುವುದಿಲ್ಲ. ನಾಳೆಯಿಂದ ದಿನಾ ಒಳ್ಳೆಯವಳಾಗಿರುತ್ತೇನೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಾತ್ರೆ ನುಂಗಿದ ಹಾಗೆ. ಯಾರು ಆಶ್ಚರ್ಯಪಡುತ್ತಾರೋ ಪಡಲಿ, ನೋಡಿಯೇಬಿಡುತ್ತೇನೆ. ಆ ಬಾಲದ ಮಾತಿಗೆ ಈ ಬಿಲ್ಡಿಂಗಿನಲ್ಲಿ ಕೂರಲು ಜಾಗ ಇರಬಾರದು.

ಜೂನ್ 24, ಮಂಗಳವಾರ. 172

ಭಾನುವಾರ ಹನ್ನೆರಡು ರೂಮಿಗೂ ಕಡಲೆಕಾಳು ಉಸಲಿ ಕಳಿಸಿದೆ. ಮೂವರು ಮಾತ್ರ ತಿಂದರಂತೆ. ಉಳಿದವರು ಮೊದಲು ತಿಂದವರಿಗೆ ಏನಾಗುತ್ತದೆ ನೋಡೋಣ ಎಂದು ಕಾದರಂತೆ.

ಸೋಮವಾರ ಐದನೇ ರೂಮಿನ ಮಹದೇವ್ ಬೈಕನ್ನು ಗೇಟಿಗೆ ಅಡ್ಡ ನಿಲ್ಲಿಸಿದ್ದ. ಮಾಮೂಲಾಗಿದ್ದರೆ ಗಾಳಿ ಬಿಡುತ್ತಿದ್ದೆ. "ಇರಲಿ ಬಿಡಪ್ಪ, ಸುಸ್ತಾಗಿರುತ್ತೆ" ಎಂದೆ. ಅವನ ಕೈಯಿಂದ ಹೆಲ್ಮೆಟ್ ಬಿತ್ತು.

ಇವತ್ತು ಸಂಜೆ ಎಲ್ಲರೂ ಸೇರಿ ಕೆಳಗೆ ಬಂದರು. ಮಹದೇವನನ್ನು ಮುಂದೆ ತಳ್ಳಿದರು. "ಆಂಟಿ, ನೇರವಾಗಿ ಹೇಳ್ಬಿಡಿ. ಬಿಲ್ಡಿಂಗ್ ಮಾರ್ತಾ ಇದೀರಾ? ಖಾಲಿ ಮಾಡ್ಬೇಕಾ?"

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನೀವು ನಗ್ತಾ ಇದೀರ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಬೈದೆ. ಗೋಡೆಗೆ ಬೈದೆ. ಅವರು ನಿರಾಳವಾಗಿ ಮೆಟ್ಟಿಲು ಹತ್ತಿದ್ದು ಕೇಳಿಸಿತು.

ಜೂನ್ 26, ಗುರುವಾರ

ಆಷಾಢ ಶುರು. ಶುಗರ್ ನೋಡಿಕೊಳ್ಳಲಿಲ್ಲ.

ಜುಲೈ 2, ಬುಧವಾರ. 161

ಬರೆಯುವಂಥದ್ದೇನೂ ನಡೆದಿಲ್ಲ. ಚೇತನಾಗೆ ಲೈಬ್ರರಿಯಿಂದ ಬರುವುದು ತಡವಾಗುತ್ತದಂತೆ, ಗೇಟಿನ ಇನ್ನೊಂದು ಕೀ ಕೊಟ್ಟೆ. ಪಾಪ, ಮಳೆಯಲ್ಲಿ ಓಡಿ ಬರುತ್ತಾಳೆ. ಮಿಕ್ಕವರೂ ಕೇಳಿದರು, ಅವರಿಗೂ ಮಾಡಿಸಿಕೊಟ್ಟೆ. ಹನ್ನೆರಡು ಕೀ ಆದ ಮೇಲೆ ಬೀಗ ಯಾಕೆ ಹಾಕುವುದು ಎಂದು ಭೈರೇಶ್ ಕೇಳಿದ. ಅಭ್ಯಾಸ ಎಂದೆ.

ತಿಂದದ್ದು: ಒಂದು ಮುದ್ದೆ, ನುಗ್ಗೆಸೊಪ್ಪು. ಮೈಸೂರುಪಾಕು ಇಲ್ಲ. ಅಂಗಡಿಯವನು ಕೊಟ್ಟಿಲ್ಲ, ಭೈರೇಶ್ ಹೇಳಿ ಇಟ್ಟಿದ್ದಾನೆ.

ಜುಲೈ 6, ಭಾನುವಾರ. 158

ಮಹದೇವ್ ಸೋಪಿನ ರಿವ್ಯೂ ತನ್ನದೇ ಎಂದು ಒಪ್ಪಿಕೊಂಡ. "ತಪ್ಪಾಯ್ತು ಆಂಟಿ, ತೆಗೀಬೇಕು ಅಂತಿದೀನಿ. ಪಾಸ್‌ವರ್ಡ್ ಮರೆತೋಗಿದೆ" ಎಂದ. ಅದನ್ನು ಬರೆದು ಒಂಬತ್ತು ತಿಂಗಳಾಗಿದೆ. ಗುಬ್ಬಿ ಬರೆದೂ ಒಂಬತ್ತೇ ತಿಂಗಳು. ಆ ತಿಂಗಳು ಎಲ್ಲರಿಗೂ ಬರೆಯುವ ರೋಗ ಬಂದಿತ್ತೆಂದು ಕಾಣುತ್ತದೆ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಮೋಟರ್ ಇರುವುದು ಮಾಲಾಳ ಕೋಣೆಯ ಕಿಟಕಿಯ ಕೆಳಗೆ. ಹಾಕಿದರೆ ಎಮ್ಮೆ ಅರಚಿದಂತೆ ಸದ್ದು. ಏಳು ತಿಂಗಳ ಬಸುರಿ, ನಾಲ್ಕು ರಾತ್ರಿ ಬೆನ್ನುನೋವಿಗೆ ಕಣ್ಣು ಮುಚ್ಚಿರಲಿಲ್ಲ. ಅವತ್ತು ಊಟವಾದ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದಳು. ಇವನು ಮೇಲಿನಿಂದ ಮೋಟರ್ ಮೋಟರ್ ಎಂದು ಕೂಗುತ್ತಿದ್ದ. ಕಾರಣವನ್ನೂ ಹೇಳಲಿಲ್ಲ ಎಂದು ಬರೆದಿದ್ದಾನೆ. ಹೇಳಬೇಕಾದರೆ ನಾನೂ ಕೂಗಬೇಕಾಗುತ್ತಿತ್ತಲ್ಲ.

ಆಷಾಢ ಮುಗಿಯಲು ಹದಿನೆಂಟು ದಿನ. ರಾಜರಾಜೇಶ್ವರಿನಗರದ ಮನೆಯಲ್ಲಿ ಎರಡು ಬಾಲ್ಕನಿ ಇದೆಯಂತೆ.

ಜುಲೈ 13, ಭಾನುವಾರ. 163

ಇವತ್ತಿನದು ಉದ್ದವಾಗುತ್ತದೆ.

ಕಾಯುವುದು ಸಾಕಾಯಿತು. ಬೆಳಿಗ್ಗೆ ಎದ್ದು ಬೆಲ್ಲ ಹಾಕದೆ ರಾಗಿಹುರಿಹಿಟ್ಟು ಮಾಡಿ, ಡಬ್ಬಿಗೆ ತುಂಬಿ, ಒಬ್ಬಳೇ ಎರಡು ಬಸ್ಸು ಬದಲಾಯಿಸಿ ಬಸವೇಶ್ವರನಗರಕ್ಕೆ ಹೋದೆ. ಸರ್ಪ್ರೈಸಿಂಗ್ಲಿ, ಎರಡೂ ಟೈಮಿಗೆ ಬಂದವು.

ಜಲಜಾ ಬಾಗಿಲು ತೆಗೆದು ಬೆಚ್ಚಿದಳು. ಒಳಗೆ ಬನ್ನಿ ಎಂದಳು. "ಬರಲ್ಲ. ಆಷಾಢ. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅಂತ ನೀವೇ ಹೇಳಿದ್ರಿ" ಎಂದು ಹೊರಗಿನ ಮೆಟ್ಟಿಲ ಮೇಲೆ ಕೂತೆ. ಎದುರು ಮನೆಯವರು ಕಾಂಪೌಂಡಿನ ಮೇಲೆ ತಲೆ ಇಟ್ಟರು. ಜಲಜಾಳ ಮುಖ ಕೆಂಪಾಯಿತು. ಮಾತಿಗೆ ಮಾತು ಸಿಕ್ಕಿದಾಗ ಆಗುವ ಖುಷಿ ನನಗೆ ಈ ವಯಸ್ಸಿನಲ್ಲೂ ಹೋಗಿಲ್ಲ.

ಅವಳು ಒಳಗೆ ತಿರುಗಿ ಕೂಗಿದಳು. "ಗುಬ್ಬಿ, ನಿಮ್ಮತ್ತೆ ಬಂದಿದ್ದಾರೆ ನೋಡು. ಒಳಗೆ ಬರಲ್ವಂತೆ."

ಡಬ್ಬಿ ನನ್ನ ತೊಡೆಯಿಂದ ಜಾರಿತು.

ಮಾಲಾ ಮಗುವನ್ನು ಎತ್ತಿಕೊಂಡು ಬಂದು ಹೊಸಿಲ ಒಳಗಡೆ ನಿಂತಳು. ಮಗು ನನ್ನನ್ನು ನೋಡಿ ಯಾರೋ ಎಂಬಂತೆ ಅವಳ ಕತ್ತಿಗೆ ಮುಖ ಒತ್ತಿತು.

"ಗುಬ್ಬಿ ಅಂದ್ರೆ ನೀನಾ?"

"ಮನೇಲಿ ಹಂಗೇ ಕರೆಯೋದು ಅತ್ತೆ, ಚಿಕ್ಕೋಳಿದ್ದಾಗಿಂದ."

ಮೂರು ವರ್ಷದಿಂದ ನನ್ನ ಸೊಸೆ. ಅವಳ ಮನೆಯವರು ಏನೆಂದು ಕರೆಯುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಏನೆಂದು ಕರೆಯುತ್ತಿದ್ದೆ ಎಂದು ನೆನಪು ಮಾಡಿಕೊಂಡೆ. ಏಯ್. ಇವಳೇ. ಅಡಿಗೆಮನೆಯಲ್ಲಿ ಯಾರಿದ್ದೀರ.

"ಐದು ಸ್ಟಾರ್ ಯಾಕೆ ಕೊಟ್ಟೆ?"

ಅವಳು ಕೂತಳು. ಹೊಸಿಲ ಆ ಕಡೆ ಅವಳು, ಈ ಕಡೆ ನಾನು. "ಅವತ್ತು ನಂಗೆ ಎಚ್ಚರ ಆಗಿತ್ತು ಅತ್ತೆ. ಕಿಟಕೀಲಿ ನೋಡ್ದೆ. ನೀವು ಪೊರಕೆ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತಿದ್ರಿ. ಯಾರೋ ನೆಂಟರು ಬಂದ್ರೆ ನಾವೆಲ್ಲ ಆಸ್ಪತ್ರೆಗೆ ಹೋಗಿದೀವಿ ಅಂತ ಹೇಳಿ ಗೇಟಿಂದಾನೇ ಕಳಿಸಿದ್ರಿ. ಮಹದೇವ್‌ಗೆ ಕೇಳಿಸದಷ್ಟು ಮೆಲ್ಲಗೆ ಹೇಳ್ತಾ ಇದ್ರಿ, ಸೋಪೇ ತಾನೆ, ಒಣಗಲಿ ಬಿಡು ಅಂತ. ಎರಡು ಗಂಟೆ ಹಂಗೇ ಕೂತಿದ್ರಿ. ನಂಗೆ ಅಳು ಬಂತು. ಫೋನ್ ಕೈಲಿತ್ತು, ಬರೆದೆ."

"ನಂಗೆ ಹೇಳ್ಬೋದಿತ್ತಲ್ಲ?"

"ಹೇಳೋಣ ಅಂತಾನೇ ಎದ್ದು ಬಂದೆ. 'ಎಷ್ಟೊತ್ತು ಮಲಗೋದು, ಪಾತ್ರೆ ಯಾರು ತೊಳೀತಾರೆ' ಅಂದ್ರಿ."

ಅಂದಿರುತ್ತೇನೆ. ಅನುಮಾನವೇ ಇಲ್ಲ.

ಆದರೂ ಒಳಗಿನ ಉರಿ ಆ ಒಂದು ಮಾತಿನದು. ಕೇಳಿಯೇಬಿಟ್ಟೆ. "ಒಳ್ಳೇದು ಬರೆದೆ, ಸರಿ. ಆ ಬಾಲ ಯಾಕೆ ಸೇರಿಸ್ದೆ? ಬಸ್ಸಿಗೆ ಹೇಳೋ ಮಾತು ಅದು."

ಮಾಲಾ ಮಗುವಿನ ಅಂಗಿಯ ಗುಂಡಿ ಹಾಕಿದಳು, ಬಿಚ್ಚಿದಳು. "ನೀವು ನಂಗೆ ದಿನಾ ಹೇಳ್ತಿದ್ದ ಮಾತೇ ಅಲ್ವಾ ಅತ್ತೆ ಅದು."

"ನಂಗೆಲ್ಲಿ ಬರುತ್ತೆ ಇಂಗ್ಲಿಷು?"

"ಕನ್ನಡದಲ್ಲೇ ಹೇಳ್ತಿದ್ರಿ. ಪರವಾಗಿಲ್ವೇ, ಮುದ್ದೇಲಿ ಗಂಟಿಲ್ಲ. ಪರವಾಗಿಲ್ವೇ, ಬಟ್ಟೆ ಬೆಳ್ಳಗಾಗಿದೆ. ಪರವಾಗಿಲ್ವೇ, ಲೆಕ್ಕ ಸರಿಯಾಗಿ ಹೇಳ್ತೀಯ. ಆಸ್ಪತ್ರೇಲಿ ಇವನನ್ನ ನಿಮ್ಮ ಕೈಗೆ ಕೊಟ್ಟಾಗ್ಲೂ, ಪರವಾಗಿಲ್ವೇ, ನಾರ್ಮಲ್ಲೇ ಆಯ್ತು ಅಂದ್ರಿ."

"ಹೊಗಳಿದ್ದು ಕಣೇ ಅದು."

"ನಾನೂ ಹೊಗಳಿಯೇ ಬರೆದಿದ್ದು ಅತ್ತೆ."

ಎದುರು ಮನೆಯವರು ಕಾಂಪೌಂಡಿನಿಂದ ತಲೆ ಇಳಿಸಿದರು. ನನಗೆ ನಾಚಿಕೆಯಾಯಿತು. ಅರವತ್ತು ವರ್ಷದಲ್ಲಿ ಇಷ್ಟು ನಾಚಿಕೆಯಾದದ್ದು ನೆನಪಿಲ್ಲ. ಸೊಸೆ ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಅವಳು ನನ್ನದೇ ಮಾತನ್ನು ತೊಳೆದು ಒಣಗಿಸಿ ಮಡಚಿ ಕೈಗೆ ಕೊಟ್ಟಳು.

"ಒಂದು ದಿನ ಕಂಡಿದ್ದಕ್ಕೆ ಆಶ್ಚರ್ಯ ಆಯ್ತು ಅತ್ತೆ" ಎಂದಳು, ಈಗ ದನಿ ಸಣ್ಣದಾಗಿತ್ತು. "ದಿನಾ ಇದ್ದಿದ್ರೆ ನಾನ್ಯಾಕೆ ಬರೀತಿದ್ದೆ? ನಾನ್ಯಾಕೆ ಬೇರೆ ಮನೆ ನೋಡ್ತಿದ್ದೆ?"

ವಾಪಸ್ ಬಾ ಎಂದು ಹೇಳಲು ಹೋಗಿದ್ದವಳು. ಬಾಯಿಗೆ ಬರಲಿಲ್ಲ. ಹುರಿಹಿಟ್ಟಿನ ಡಬ್ಬಿಯನ್ನು ಹೊಸಿಲ ಮೇಲಿಟ್ಟು, "ಬೆಲ್ಲ ಹಾಕಿಲ್ಲ, ನೀನು ಬೇಕಾದಷ್ಟು ಹಾಕ್ಕೋ" ಎಂದು ಎದ್ದೆ. ಜಲಜಾ ಕಾಫಿ ತಂದಿದ್ದಳು. ನಿಂತೇ ಕುಡಿದೆ. ಬಹಳ ಚೆನ್ನಾಗಿತ್ತು. ಅಭ್ಯಾಸದ ಮಾತು ನಾಲಿಗೆಯ ತುದಿಯವರೆಗೆ ಬಂತು. ಕಾಫಿಯ ಜೊತೆ ನುಂಗಿದೆ.

ಜುಲೈ 14, ಸೋಮವಾರ. 149

ಏನೂ ತಿನ್ನಬೇಕೆನಿಸಲಿಲ್ಲ.

ಜುಲೈ 17, ಗುರುವಾರ. 155

ಇವತ್ತು ಎಷ್ಟು ಸಲ ಆ ಮಾತು ಬಾಯಿಗೆ ಬಂತೆಂದು ಎಣಿಸಿದೆ. ಮಧ್ಯಾಹ್ನದೊಳಗೆ ಹನ್ನೊಂದು. ಹೂವಿನವಳಿಗೆ, ಕರೆಂಟಿನವನಿಗೆ, ಹಾಲಿನವನಿಗೆ. ನಮ್ಮವ್ವ ನನಗೆ ಹೇಳುತ್ತಿದ್ದದ್ದೂ ಇದೇ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಹೊಲದಿಂದ ತಲೆಯೆತ್ತಿ, ಪರವಾಗಿಲ್ವೇ ಎಂದಿದ್ದಳು. ಅಂದು ನನಗೆ ಹೇಗಾಗಿತ್ತು ಎಂದು ಇವತ್ತು ನೆನಪಾಯಿತು. ಮರೆತೇಹೋಗಿತ್ತು.

ಜುಲೈ 24, ಗುರುವಾರ. 151

ಭೀಮನ ಅಮಾವಾಸ್ಯೆ. ಭೈರೇಶ್ ಪೂಜೆ ಮಾಡಿಸಿಕೊಳ್ಳಲು ಬಸವೇಶ್ವರನಗರಕ್ಕೆ ಹೋಗಿ ಹಣೆಯಲ್ಲಿ ಕುಂಕುಮ ಇಟ್ಟುಕೊಂಡು ಬಂದ. ಏನಂದಳು ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಶೂ ಲೇಸು ಮಾತ್ರ ಕಟ್ಟಲಿಲ್ಲ.

ಜುಲೈ 27, ಭಾನುವಾರ. 147

ಬಂದಳು.

ಆಟೋದಿಂದ ಇಳಿದು, ಗೇಟಿನಲ್ಲೇ ನಿಂತು, "ಒಂದು ತಿಂಗಳು ನೋಡ್ತೀನಿ ಅತ್ತೆ. ರಾಜರಾಜೇಶ್ವರಿನಗರದೋರಿಗೆ ಇನ್ನೂ ಬೇಡ ಅಂದಿಲ್ಲ" ಎಂದಳು. ನನ್ನ ಮುಂದೆ ಹೀಗೆ ನೇರವಾಗಿ ಮಾತಾಡಿದ್ದು ಇದೇ ಮೊದಲು. ಸರಿ ಎಂದೆ. ಮೂರು ಸುತ್ತು ಎತ್ತಬೇಕಾದ ಆರತಿಯನ್ನು ಐದು ಸುತ್ತು ಎತ್ತಿದೆ. ಶುಗರ್ ಕಡಿಮೆಯಾದರೆ ಹೀಗಾಗುತ್ತದಂತೆ.

ಜುಲೈ 30, ಬುಧವಾರ. 152

ಮಗು ರಾತ್ರಿ ಮಲಗುವುದಿಲ್ಲ, ಹಾಗಾಗಿ ಮಧ್ಯಾಹ್ನ ಇಬ್ಬರೂ ನಿದ್ದೆ. ಎರಡರಿಂದ ನಾಲ್ಕರವರೆಗೆ ಮೋಟರ್ ಬಂದ್. ಬೆಳಿಗ್ಗೆಯೇ ಪ್ರತಿ ರೂಮಿನ ಮುಂದೆ ಎರಡು ಬಕೆಟ್ ನೀರು ಇಡಿಸಿದ್ದೇನೆ, ಕಾರಣ ಬರೆದ ಚೀಟಿಯನ್ನೂ ಅಂಟಿಸಿದ್ದೇನೆ. ಮಹದೇವ್ ಇಳಿದು ಬಂದು, "ಆಂಟಿ, ಬೈಕ್ ಸ್ಟಾರ್ಟ್ ಮಾಡ್ಬೋದಾ, ಇಲ್ಲ ರಸ್ತೆವರೆಗೂ ತಳ್ಕೊಂಡು ಹೋಗ್ಲಾ?" ಎಂದು ಪಿಸುಗುಟ್ಟಿದ. ತಳ್ಳಿಕೊಂಡು ಹೋಗು ಎಂದೆ. ಹೋದ.

ಸಂಜೆ ಮಾಲಾ ಮುದ್ದೆ ತಿರುವಿದಳು, ಬಸ್ಸಾರು ಮಾಡಿದಳು. ಒಂದು ತುತ್ತು ನುಂಗಿ "ಚೆನ್ನಾಗಿದೆ" ಎಂದೆ. ಅಷ್ಟೇ. ಹಿಂದೆ ಮುಂದೆ ಏನೂ ಸೇರಿಸದೆ ಆ ಒಂದು ಪದ ಹೇಳುವುದು ಎಷ್ಟು ಕಷ್ಟವೆಂದು ಹೇಳಿದವರಿಗೇ ಗೊತ್ತು. ಬಟ್ಟೆಯಿಲ್ಲದೆ ಬೀದಿಗೆ ಬಂದಂತಾಯಿತು. ಮಾಲಾ ಸಾರಿನ ಸೌಟು ಹಿಡಿದು ಮುಂದಿನ ಮಾತಿಗೆ ಕಾದಳು. ಬರಲಿಲ್ಲ. ಇನ್ನೊಂದು ಸೌಟು ಹಾಕಿದಳು.

ಆಗಸ್ಟ್ 12, ಮಂಗಳವಾರ. 139

ಡಾಕ್ಟರ್ ಈ ಪುಸ್ತಕ ತಿರುವಿ ನೋಡಿ ನಕ್ಕರು. ಎಲ್ಲ ಓದಿಬಿಟ್ಟರೇನೋ. "ಸರ್ಪ್ರೈಸಿಂಗ್ಲಿ ಗುಡ್ ಕಂಟ್ರೋಲ್ ಪಾಪಮ್ಮನೋರೇ" ಎಂದರು. ಒಂದು ಕ್ಷಣ ಉರಿಯಿತು. ಜೂನ್‌ನಲ್ಲಿ ನಾನು ಅವರಿಗೆ ಹೇಳಿದ್ದು ನೆನಪಾಗಿ ಸುಮ್ಮನಾದೆ. ಲೆಕ್ಕ ಚುಕ್ತಾ.

ಆಗಸ್ಟ್ 29, ಶುಕ್ರವಾರ. 174

ತಿಂದದ್ದು: ಒಬ್ಬಟ್ಟು ಎರಡು ಎಂದು ಬರೆದು ಹೊಡೆದುಹಾಕಿದ್ದೇನೆ. ಮೂರು. ನಿನ್ನೆ ಪಾಪು ಅಂಬೆಗಾಲಿಟ್ಟುಕೊಂಡು ನಮ್ಮ ಮನೆಯ ಹೊಸಿಲು ದಾಟಿದ. ದಾಟಿದರೆ ಒಬ್ಬಟ್ಟು ಮಾಡಬೇಕು, ಮಾಡಿದರೆ ತಿನ್ನಬೇಕು. ಶಾಸ್ತ್ರಕ್ಕೆ ಶುಗರ್ ಗೊತ್ತಿಲ್ಲ.

ಬೆಳಿಗ್ಗೆ ಚೇತನಾ ಮೆಟ್ಟಿಲು ಎರಡೆರಡು ಹಾರಿಕೊಂಡು ಬಂದಳು. "ಆಂಟಿ, ನಿಮ್ಮ ಫೈವ್ ಸ್ಟಾರ್ ಹೋಗ್ಬಿಟ್ಟಿದೆ. ಗುಬ್ಬಿದು ಇಲ್ಲ. ಒನ್ ಪಾಯಿಂಟ್ ಸಿಕ್ಸ್‌ಗೆ ಬಂದಿದೀರ."

ಮಾಲಾ ಹೇಳಿದ ಒಂದು ತಿಂಗಳು ಮೊನ್ನೆಗೆ ಮುಗಿದಿತ್ತು. ಅವಳು ಅದರ ಬಗ್ಗೆ ಮಾತೆತ್ತಿರಲಿಲ್ಲ, ನಾನೂ ಗಣೇಶನ ಹಬ್ಬದ ನೆಪದಲ್ಲಿ ಕೇಳಿರಲಿಲ್ಲ. ಬರೆದದ್ದನ್ನೇ ಅಳಿಸಿದ್ದಾಳೆಂದರೆ ಗಂಟುಮೂಟೆ ಕಟ್ಟಿದಂತೆಯೇ. ಏನು ಮಾಡಿದೆ ನಾನು? ನಿನ್ನೆ ಒಬ್ಬಟ್ಟಿನ ಹೂರಣಕ್ಕೆ ಏಲಕ್ಕಿ ಜಾಸ್ತಿಯಾಯಿತು ಎಂದಿದ್ದೆ. ಆಗಿತ್ತು ಕೂಡ. ಅಷ್ಟಕ್ಕೇನಾ?

ಟೆರೇಸಿಗೆ ಹೋದೆ. ಮಾಲಾ ಬೆಡ್‌ಶೀಟ್ ಒಗೆದು ಒಣಹಾಕಲು ನಿಂತಿದ್ದಳು. ಮಂಡಿ ನೋವಿಗೆ ಮೂರು ಮಹಡಿ ಹತ್ತಿದವಳಿಗೆ ಏದುಸಿರು.

"ಗುಬ್ಬಿ, ಅದನ್ನ ತೆಗೆದುಬಿಟ್ಯಾ?"

"ಹೂಂ ಅತ್ತೆ. ನಿನ್ನೆ ತೆಗೆದೆ."

"ಹೊರಡ್ತೀಯಾ?"

"ಎಲ್ಲಿಗೆ?"

"ಎರಡು ಬಾಲ್ಕನಿ ಮನೆಗೆ."

ಅವಳು ನನ್ನನ್ನು ನೋಡಿದಳು. ಬೆಡ್‌ಶೀಟಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. "ಅವರಿಗೆ ಬೇಡ ಅಂತ ಹೇಳಿ ಹತ್ತು ದಿನ ಆಯ್ತು. ನಾನು ಬರೆದಿದ್ದು ನಿನ್ನೆ ಫೋನಲ್ಲಿ ಕಣ್ಣಿಗೆ ಬಿತ್ತು. ಇದರಲ್ಲಿ ಆಶ್ಚರ್ಯಪಡೋಕೆ ಇನ್ನೇನಿದೆ ಅನ್ನಿಸ್ತು, ತೆಗೆದೆ. ಆ ಕಡೆ ಗಟ್ಟಿಯಾಗಿ ಹಿಡ್ಕೊಳ್ಳಿ ಅತ್ತೆ, ಹಿಂಡೋಣ."

ಹಿಡಿದೆ. ಅವಳು ಒಂದು ಕಡೆ ತಿರುಚಿದಳು, ನಾನು ಇನ್ನೊಂದು ಕಡೆ. ನೀರೆಲ್ಲ ನನ್ನ ಕಾಲ ಮೇಲೆ ಬಿತ್ತು. ಕಣ್ಣಿನದೂ ಸ್ವಲ್ಪ ಸೇರಿತ್ತು, ಅವಳಿಗೆ ಕಾಣಿಸಲಿಲ್ಲ.

ಕೆಳಗೆ ಬಂದರೆ ಚೇತನಾ, ಮಹದೇವ್ ಇಬ್ಬರೂ ಫೋನ್ ಹಿಡಿದು ನಿಂತಿದ್ದಾರೆ. ಇಬ್ಬರೂ ಈಗಲೇ ಐದು ಸ್ಟಾರ್ ಹಾಕುತ್ತಾರಂತೆ. ಮಹದೇವನಿಗೆ ಪಾಸ್‌ವರ್ಡ್ ಕೂಡ ನೆನಪಾಗಿದೆಯಂತೆ. ಒಂದು ಪಾಯಿಂಟ್ ಆರು ಇದ್ದದ್ದು ಹಾಗೇ ಇರಲಿ, ಯಾರಾದರೂ ಮುಟ್ಟಿದರೆ ಗೇಟಿನ ಕೀ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಬೈದು ಇಬ್ಬರನ್ನೂ ಮೇಲಕ್ಕೆ ಕಳಿಸಿದೆ.